ಬೇಲಿಯ ಬೆಲೆ

ಪುಷ್ಯಮಾಸದ ಬೆಳಗಿನಲ್ಲಿ ಸೊಲ್ಲಾಪುರದಿಂದ ಅಕ್ಕಲಕೋಟೆಗೆ, ಅಲ್ಲಿಂದ ಮೈಂದರ್ಗಿ, ದುಧನಿಗಳ ಕಡೆಗೆ ಪಯಣ ಮಾಡುವವರಿಗೆ, ಹಾದಿಯ ಎರಡೂ ಮಗ್ಗುಲಲ್ಲಿ ಕಣ್ಣು ಹರಿಯುವವರೆಗೆ ಹಾಸಿದ ಎರೆಭೂಮಿಯಲ್ಲಿ ಹಿಂಗಾರಿ ಜೋಳವು ತೆನೆ ಹೊತ್ತು ನಿಂತಿರುವ ನೋಟದೊಡನೆ, ಆ ಜೋಳದ ಅಂಚಿಗೆ, ಹಾದಿಯನ್ನು ಒತ್ತಿಕೊಂಡು, ಮೂರು ನಾಲ್ಕು ಸಾಲುಗಳಷ್ಟು ಅಗಲಕ್ಕೆ ಬೇರೊಂದು ಬೆಳೆಯು ಸೊಂಟದೆತ್ತರಕ್ಕೆ ಬೆಳೆದು, ಹಳದಿ ಕೇಸರಿ ಹೂಗಳ ಚೆಂಡುಗಳನ್ನು ಧರಿಸಿ ನಿಂತಿರುವುದೂ ಕಾಣಸಿಗುತ್ತದೆ. ಅದು ಕುಸುಬೆ, ಆ ಸೀಮೆಯವರ ಬಾಯಲ್ಲಿ ಕುಸುಬಿ. ಅದರ ಬೀಜದಿಂದ ಎಣ್ಣೆ ತೆಗೆಯುತ್ತಾರೆಂಬುದು ನಿಜವೇ ಆದರೂ, ಎಣ್ಣೆಯೊಂದೇ ಉದ್ದೇಶವಾಗಿದ್ದರೆ ಹೊಲದ ನಡುವೆ ಬಿತ್ತುವುದಕ್ಕೆ ಅಡ್ಡಿಯೇನೂ ಇರಲಿಲ್ಲ. ಅಂಚಿನಲ್ಲಿ ಅದನ್ನು ನಿಲ್ಲಿಸಿರುವುದು ಹಾದಿಯಲ್ಲಿ ಸಾಗುವ ದನಕರುಗಳು ಜೋಳಕ್ಕೆ ಬಾಯಿ ಹಾಕದಿರಲೆಂದು. ಹಿತ್ತಿಲಿನ ಬದನೆ, ಚವಳಿ, ಮೆಂತೆಗಳ ಮಡಿಗಳನ್ನು ಸಾಕಿದ ಪ್ರಾಣಿಗಳಿಂದಲೂ ಅಡವಿಯ ಪ್ರಾಣಿಗಳಿಂದಲೂ ಕಾಪಾಡುವುದು ಹೇಗೆಂಬ ವಿಚಾರಕ್ಕೆ ಈ ಕುಸುಬೆಯ ಸಾಲಿಗಿಂತ ಉತ್ತಮವಾದ ಪ್ರವೇಶದ್ವಾರವನ್ನು ನಾನು ಕಾಣೆ.

ಏಕೆಂದರೆ ಈ ಬೇಲಿಯಲ್ಲಿ ಒಂದು ವಿಚಿತ್ರವಿದೆ. ನಾಲ್ಕು ನೂರು ಕಿಲೋಗ್ರಾಂ ತೂಗುವ ಎತ್ತೊಂದು ಮನಸ್ಸು ಮಾಡಿದರೆ ಈ ಸಾಲುಗಳನ್ನು ತುಳಿದುಕೊಂಡು ಹೋಗುವುದಕ್ಕೆ ಅರೆಗಳಿಗೆಯೂ ಬೇಕಾಗದು. ಅದರ ಎದೆಯ ಚರ್ಮಕ್ಕೆ ಕುಸುಬೆಯ ಮುಳ್ಳು ಲೆಕ್ಕಕ್ಕೇ ಇಲ್ಲ. ಆದರೂ ಅದು ತುಳಿಯುವುದಿಲ್ಲ. ಹೂಚೆಂಡಿನ ಬುಡದಲ್ಲಿ ಸುತ್ತುವರಿದಿರುವ ಹಸಿರು ಎಸಳುಗಳನ್ನು ಹತ್ತಿರದಿಂದ ನೋಡಿದರೆ, ಪ್ರತಿಯೊಂದರ ಅಂಚಿನಲ್ಲಿಯೂ ತುದಿಯಲ್ಲಿಯೂ ಹಳದಿಯಾದ, ಗಡುಸಾದ, ಸೂಜಿಯಂತೆ ಚೂಪಾದ ಮೊನೆಗಳಿರುವುದೂ, ಅವೆಲ್ಲವೂ ಹೊರಮುಖವಾಗಿ ನಾನಾ ದಿಕ್ಕುಗಳಿಗೆ ಚಾಚಿರುವುದೂ ಗೋಚರವಾಗುತ್ತದೆ. ದನದ ದೇಹದಲ್ಲಿ ಅತ್ಯಂತ ಸೂಕ್ಷ್ಮಸ್ಪರ್ಶವುಳ್ಳ ಭಾಗವೆಂದರೆ ಕೂದಲಿಲ್ಲದೆ ಸದಾ ಒದ್ದೆಯಾಗಿರುವ ಅದರ ಮೂತಿ; ಮೇವನ್ನು ಪರೀಕ್ಷಿಸುವುದಕ್ಕೆ ಅದು ಮುಂದೊಡ್ಡುವುದೂ ಆ ಮೂತಿಯನ್ನೇ. ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲುಗಳಿಲ್ಲದ ಆ ಪ್ರಾಣಿಯು ನಾಲಗೆಯನ್ನು ನೀಡಿ, ಮೇವಿಗೆ ಸುತ್ತಿ, ಒಂದು ಹಿಡಿಯಷ್ಟನ್ನು ಒಮ್ಮೆಗೇ ಸೆಳೆದು ಹರಿಯುತ್ತದೆ. ಮುಳ್ಳಿನ ಗಿಡಕ್ಕೆ ನಾಲಗೆ ಸುತ್ತುವುದೆಂದರೆ ಏನೆಂಬುದನ್ನು ವಿವರಿಸಬೇಕಾಗಿಲ್ಲ.

ಮುಳ್ಳು ತಿನ್ನುವುದನ್ನು ಸಂಪೂರ್ಣವಾಗಿ ತಡೆಯುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. 1986ರಲ್ಲಿ ಕೂಪರ್ ಮತ್ತು ಓವೆನ್-ಸ್ಮಿತ್ ಎಂಬ ಇಬ್ಬರು ವಿಜ್ಞಾನಿಗಳು ದಕ್ಷಿಣ ಆಫ್ರಿಕದಲ್ಲಿ ಆಡುಗಳನ್ನೂ, ಕುಡು ಮತ್ತು ಇಂಪಾಲ ಎಂಬ ಜಿಂಕೆಯಂಥ ಮೃಗಗಳನ್ನೂ ಮುಳ್ಳಿನ ಗಿಡಗಳಲ್ಲಿ ಮೇಯಲು ಬಿಟ್ಟು ಪರಿಶೀಲಿಸಿದಾಗ ತಿಳಿದುಬಂದುದು ಇದಕ್ಕಿಂತ ಸೂಕ್ಷ್ಮವಾದ ಸಂಗತಿ. ಮುಳ್ಳಿದ್ದರೂ ಪ್ರಾಣಿಗಳು ತಿನ್ನುತ್ತಲೇ ಇದ್ದವು. ಆದರೆ ಒಂದೊಂದು ತುತ್ತಿನ ಗಾತ್ರವೂ, ತುತ್ತುಗಳ ವೇಗವೂ ಕುಗ್ಗಿಹೋಗಿದ್ದುವು. ಅಂದರೆ ಮುಳ್ಳಿನ ಕೆಲಸವು ಬಾಗಿಲು ಹಾಕುವುದಕ್ಕಿಂತ ಸುಂಕ ವಸೂಲುಮಾಡುವುದು. ಮೇಯುವ ಪ್ರಾಣಿಗೆ ಹಗಲಿನ ಗಂಟೆಗಳು ಇಷ್ಟೇ ಎಂದು ಗೊತ್ತಾಗಿರುವಾಗ, ಒಂದು ಗಂಟೆಯಲ್ಲಿ ಇಲ್ಲಿ ದೊರೆಯುವ ಮೇವು ಮುಂದಿನ ಬದುವಿನಲ್ಲಿ ದೊರೆಯುವುದಕ್ಕಿಂತ ಕಡಮೆಯಾದರೆ ಅದು ಮುಂದೆ ಹೋಗುತ್ತದೆ. ಮುಂದಿನ ಬದುವೂ ಬರಿದಾಗಿದ್ದರೆ ಸುಂಕ ತೆತ್ತು ಒಳಗೆ ನುಗ್ಗುತ್ತದೆ. ಜೀವಶಾಸ್ತ್ರಜ್ಞರು ಇದನ್ನು ಲಾಭನಷ್ಟಗಳ ಗಣಿತವಾಗಿಯೇ ಬರೆದಿದ್ದಾರೆ. ಸುಭಿಕ್ಷದ ವರ್ಷದಲ್ಲಿ ಸಾಕಾಗುವ ಬೇಲಿಯು ಬರಗಾಲದಲ್ಲಿ ಸಾಕಾಗದೆ ಹೋಗುವುದೇಕೆಂಬುದಕ್ಕೆ ಈ ಗಣಿತವು ಉತ್ತರ ಕೊಡುತ್ತದೆ. ವರ್ಷಕ್ಕೆ ಆರು ನೂರು ಮಿಲಿಮೀಟರಿನ ಆಚೀಚೆ ಮಳೆ ಬೀಳುವ, ಅದೂ ನೆಚ್ಚಿಗೆಯಿಲ್ಲದೆ ಬೀಳುವ ಸೊಲ್ಲಾಪುರದ ಸೀಮೆಯಲ್ಲಿ ಇದು ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

ಕುಸುಬೆಯ ದೌರ್ಬಲ್ಯಗಳನ್ನೂ ಹೇಳಬೇಕು. ಬಿತ್ತಿದ ಮೊದಲ ತಿಂಗಳಲ್ಲಿ ಅದು ನೆಲಕ್ಕೆ ಅಂಟಿಕೊಂಡಂತೆ ಎಲೆಗಳನ್ನು ಹರಡಿಕೊಂಡು ಕೂತಿರುತ್ತದೆ. ಆಗ ಅದಕ್ಕೆ ಮುಳ್ಳಿಲ್ಲ, ಎಲೆಗಳು ಎಷ್ಟು ಎಳಸೆಂದರೆ ಅವನ್ನು ಕೊಯ್ದು ಪಲ್ಯ ಮಾಡಿ ಜೋಳದ ರೊಟ್ಟಿಯೊಡನೆ ಉಣ್ಣುತ್ತಾರೆ. ಮನುಷ್ಯನಿಗೆ ರುಚಿಸಿದ್ದು ಆಡಿಗೆ ರುಚಿಸದಿರುತ್ತದೆಯೆ? ಆ ಒಂದು ತಿಂಗಳು ಬೇಲಿಯನ್ನೇ ಕಾಯಬೇಕಾದ ಪ್ರಸಂಗ. ಆಮೇಲೆ ದಂಟು ಎದ್ದು, ಬೇರು ಎರೆಮಣ್ಣಿನ ಆಳಕ್ಕಿಳಿದು, ಮಳೆ ನಿಂತ ಮೇಲೂ ಕೆಳಗಿನ ತೇವವನ್ನು ಹೀರುತ್ತ, ಒಣಗಿದಷ್ಟೂ ಮುಳ್ಳು ಗಡುಸಾಗುತ್ತದೆ. ಕೊಯ್ಲಿನ ವೇಳೆಗೆ ಕೈಗೆ ಬಟ್ಟೆ ಸುತ್ತಿಕೊಳ್ಳದೆ ಅದನ್ನು ಮುಟ್ಟುವಂತಿಲ್ಲ. ಇಬ್ಬನಿಯಿಂದ ಮುಳ್ಳು ಮೆದುವಾಗಿರುವ ನಸುಕಿನಲ್ಲಿಯೇ ಕೊಯ್ದು ಮುಗಿಸುವುದು ಅನುಭವಸ್ಥರ ಪದ್ಧತಿ. ಆಳು ಸಿಗುವುದು ಕಷ್ಟವಾದಂತೆ ಮುಳ್ಳಿಲ್ಲದ ತಳಿಗಳನ್ನು ಸಿದ್ಧಪಡಿಸಿರುವುದು ಕೊಯ್ಯುವವರಿಗೆ ಉಪಕಾರವೇ ಸರಿ; ಆದರೆ ಬೇಲಿಯಾಗುವ ಯೋಗ್ಯತೆಯನ್ನು ಕುಸುಬೆಯಿಂದ ಕಿತ್ತುಕೊಂಡ ಮೇಲೆ, ಅದನ್ನು ಅಂಚಿಗೆ ಬಿತ್ತುವ ಕಾರಣವೇ ಇಲ್ಲವಾಯಿತು. ಹೈದರಾಬಾದಿನ ಕೃಷಿ ಸಂಶೋಧಕರು ಶೇಂಗಾದ ಸುತ್ತ ನಾಲ್ಕು ಸಾಲು ಮುಳ್ಳಿನ ಕುಸುಬೆಯನ್ನು ಬಿತ್ತಿ ಅಡವಿ ಹಂದಿಯನ್ನು ದೂರವಿಡಬಹುದೆಂದು ಶಿಫಾರಸು ಮಾಡಿದ್ದಾರೆ; ಅಲ್ಲಿ ಮುಳ್ಳಿನ ಜೊತೆಗೆ ಗಿಡದ ವಾಸನೆಯೂ ಶೇಂಗಾದ ವಾಸನೆಯನ್ನು ಮರೆಸುತ್ತದೆಂಬುದು ಅವರ ಅಭಿಪ್ರಾಯ.

ಕಾಯಿಪಲ್ಲೆಯ ತೋಟಕ್ಕೆ ವರ್ಷವಿಡೀ ಕಾವಲು ಬೇಕು. ಕುಸುಬೆಯೋ ಫಾಲ್ಗುಣಕ್ಕೆ ಮುಗಿಯುವ ಬೆಳೆ. ಆದುದರಿಂದ ಜಾಲಿಯ ಅಥವಾ ಬಾರಿಯ ಕೊಂಬೆಗಳನ್ನು ಕಡಿದು ತಂದು, ಬುಡವನ್ನು ಒಳಗೂ ತಲೆಯನ್ನು ಹೊರಗೂ ಮಾಡಿ ಒತ್ತುವ ಮುಳ್ಳುಬೇಲಿಯೇ ಇಲ್ಲಿಯ ಹಿತ್ತಿಲುಗಳ ಹಳೆಯ ರಕ್ಷಣೆ. ಬಾರಿಯ ಕೊಂಬೆಯೊಂದನ್ನು ಬೆಳಕಿಗೆ ಹಿಡಿದು ನೋಡಿ: ಎಲೆಯ ಬುಡದಲ್ಲಿ ಮುಳ್ಳುಗಳು ಜೋಡಿಯಾಗಿರುತ್ತವೆ, ಅವುಗಳಲ್ಲಿ ಒಂದು ನೆಟ್ಟಗೆ, ಇನ್ನೊಂದು ಕೊಕ್ಕೆಯಂತೆ ಹಿಂದಕ್ಕೆ ಬಾಗಿ. ನೆಟ್ಟನೆಯದು ಒಳಗೆ ಬರುವವನನ್ನು ಚುಚ್ಚುತ್ತದೆ, ಬಾಗಿದ್ದು ಹಿಂದೆ ಸರಿಯುವವನನ್ನು ಹಿಡಿದುಕೊಳ್ಳುತ್ತದೆ. ಇದಕ್ಕಿಂತ ಸಮರ್ಥವಾದ ಯಂತ್ರವನ್ನು ಕಮ್ಮಾರನೂ ಕಲ್ಪಿಸಲಾರ. ಆದರೆ ಒಣಮುಳ್ಳಿಗೆ ಗೆದ್ದಲು ಹತ್ತುತ್ತದೆ, ವರ್ಷವರ್ಷವೂ ಹೊಸದಾಗಿ ಹಾಕಬೇಕು. ಈ ಶ್ರಮವನ್ನು ತಪ್ಪಿಸಲು ಜೀವಂತ ಬೇಲಿಯನ್ನು ನೆಡುವ ಆಸೆ ಎಲ್ಲ ಕಾಲದಲ್ಲಿಯೂ ಇದ್ದುದೇ. ಆ ಆಸೆಯ ಕಥೆಗಳಲ್ಲೆಲ್ಲ ಡಬಗಳ್ಳಿಯ ಕಥೆ ಅತ್ಯಂತ ಸ್ವಾರಸ್ಯವಾದದ್ದು.

ಡಬಗಳ್ಳಿ ನಮ್ಮ ನಾಡಿನದಲ್ಲ, ಅಮೆರಿಕ ಖಂಡದಿಂದ ಬಂದುದು. 1795ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು, ಈ ಕಳ್ಳಿಯ ಮೇಲೆ ಬದುಕಿ ಕೆಂಪು ಬಣ್ಣವನ್ನು ಕೊಡುವ ಕಾಚಿನೀಲ್ ಕೀಟವನ್ನು ಬ್ರೆಜಿಲಿನಿಂದ ತರಿಸಿದರು. ಬಂದುದು ಬಣ್ಣದ ಕೀಟವಾಗಿರದೆ ಅದರ ಕಾಡು ಸೋದರನಾಗಿತ್ತು. ಬಣ್ಣದ ವ್ಯಾಪಾರ ಮುಳುಗಿತು. ಆದರೆ ಆ ಕೀಟವು ಒಂದು ಜಾತಿಯ ಕಳ್ಳಿಯನ್ನು ಉತ್ತರ ಮತ್ತು ಮಧ್ಯ ಹಿಂದುಸ್ಥಾನದಲ್ಲಿ ತಿಂದು ತೀರಿಸಿತು. ಇದನ್ನು ಕಂಡು 1863ರಿಂದ 1868ರ ನಡುವೆ ಬುದ್ಧಿಪೂರ್ವಕವಾಗಿಯೇ ಅದನ್ನು ದಕ್ಷಿಣಕ್ಕೂ ಒಯ್ದು ಬಿಟ್ಟರು. ಕಳೆಯೊಂದನ್ನು ಕೀಟದಿಂದ ನಿವಾರಿಸುವ ಪ್ರಯತ್ನಗಳಲ್ಲಿ ಜಗತ್ತಿನಲ್ಲಿಯೇ ಇದು ಮೊದಲಿನದೆಂದು ಪರಿಗಣಿತವಾಗಿದೆ. ಅಷ್ಟರಲ್ಲಿ ಬೇಲಿಗೆಂದು ನೆಟ್ಟ ಇನ್ನೊಂದು ಜಾತಿಯ ಕಳ್ಳಿಯು, ಈ ಕೀಟಕ್ಕೆ ಜಗ್ಗದೆ, ಬೇಲಿಯಿಂದ ಹೊಲಕ್ಕೂ ಹೊಲದಿಂದ ಗೋಮಾಳಕ್ಕೂ ಹಬ್ಬಿ, ಕಾಯಬೇಕಾದುದನ್ನೇ ನುಂಗುವ ಕಾವಲುಗಾರನಾಯಿತು. 1926ರಲ್ಲಿ ಸಿಂಹಳದಿಂದ ಮತ್ತೊಂದು ಕಾಚಿನೀಲ್ ಕೀಟವನ್ನು ತರಿಸಿ ಬಿಟ್ಟ ಮೇಲೆ, ಕೆಲವೇ ವರ್ಷಗಳಲ್ಲಿ ಅದೂ ಕುಗ್ಗಿತು. ಈಗ ಬಳ್ಳಾರಿ ಜಾಲಿಯು ಅದೇ ಮಾರ್ಗವನ್ನು ಹಿಡಿದಿದೆ: ಆಡುಗಳು ಅದರ ಸಿಹಿಯಾದ ಕಾಯಿಗಳನ್ನು ತಿಂದು ಬೀಜಗಳನ್ನು ಹಿಕ್ಕೆಯೊಡನೆ ಊರೆಲ್ಲ ಬಿತ್ತುತ್ತವೆ. ಯಾವ ಪ್ರಾಣಿಯನ್ನು ಹೊರಗಿಡಲು ಗಿಡ ನೆಟ್ಟೆವೋ ಆ ಪ್ರಾಣಿಯೇ ಅದರ ಸಂತಾನವನ್ನು ಬೆಳೆಸುವುದು ಪ್ರಕೃತಿಯ ವಿನೋದಗಳಲ್ಲಿ ಒಂದಿರಬೇಕು.

ಸುಂಕವನ್ನು ಪ್ರಾಣಿಯ ಮೇಲೆ ಹೇರುವುದಕ್ಕೆ ಬದಲಾಗಿ ಒಡೆಯನ ಮೇಲೆ ಹೇರುವ ಉಪಾಯವೂ ಉಂಟು. 1871ರ ದನಗಳ ಅತಿಕ್ರಮಣ ಕಾಯಿದೆಯು, ಬೆಳೆಗೆ ನುಗ್ಗಿದ ದನವನ್ನು ಹಿಡಿದು ಕೊಂಡವಾಡಿಗೆ ಹೊಡೆಯುವ ಹಕ್ಕನ್ನು ರೈತನಿಗೆ ಕೊಟ್ಟಿತು. ದಂಡವನ್ನೂ ಮೇವಿನ ಖರ್ಚನ್ನೂ ತೆತ್ತು ಒಡೆಯನು ಬಿಡಿಸಿಕೊಂಡು ಹೋಗಬೇಕು. ಕೊಂಡವಾಡಿಯ ಭಯದಿಂದ ಹುಟ್ಟಿದ ಜಗಳಗಳು ಬೇಲಿಗಿಂತ ಹೆಚ್ಚು ಕಾಲ ಬಾಳಿವೆ.

ಇನ್ನು ಬೆದರಿಸುವ ವಿಚಾರ. ಹರಕು ಅಂಗಿ, ಮಡಕೆಯ ತಲೆ, ಸುಣ್ಣದ ಕಣ್ಣು: ಬೆದರುಬೊಂಬೆಯನ್ನು ನಿಲ್ಲಿಸಿದ ಮೊದಲ ದಿನಗಳಲ್ಲಿ ಹಕ್ಕಿಗಳು ದೂರದಲ್ಲಿಯೇ ಸುತ್ತುತ್ತವೆ, ಪಕ್ಷ ಕಳೆಯುವುದರೊಳಗಾಗಿ ಗುಬ್ಬಿ ಅದರ ತೋಳಿನ ಮೇಲೆಯೇ ಕೂತಿರುತ್ತದೆ. ಇದನ್ನು ನಾವು ಹಕ್ಕಿಯ ಜಾಣತನವೆನ್ನುತ್ತೇವೆ. ವಸ್ತುತಃ ಇದಕ್ಕೆ ಜಾಣತನವೂ ಬೇಕಿಲ್ಲ. ನರವಿಜ್ಞಾನಿ ಎರಿಕ್ ಕ್ಯಾಂಡೆಲ್ ಸಮುದ್ರದ ಗೊಂಡೆಹುಳುವೊಂದನ್ನು ಆರಿಸಿಕೊಂಡು, ಅದರ ಕೊಳವೆಯಂಥ ಅಂಗವನ್ನು ಮೆಲ್ಲಗೆ ಮುಟ್ಟಿದಾಗ ಅದು ತನ್ನ ಕಿವಿರನ್ನು ಒಳಗೆ ಸೆಳೆದುಕೊಳ್ಳುವುದನ್ನೂ, ಮತ್ತೆ ಮತ್ತೆ ಮುಟ್ಟಿದರೆ ಸೆಳೆತವು ಕ್ರಮೇಣ ಕುಗ್ಗುವುದನ್ನೂ ಪರಿಶೀಲಿಸಿ, ಸ್ಪರ್ಶವನ್ನು ಅರಿಯುವ ನರಕೋಶವು ಮುಂದಿನ ಕೋಶಕ್ಕೆ ಸುರಿಸುವ ರಾಸಾಯನಿಕದ ಪ್ರಮಾಣವೇ ಕಡಮೆಯಾಗುತ್ತ ಹೋಗುತ್ತದೆಂಬುದನ್ನು ತೋರಿಸಿಕೊಟ್ಟರು. ಕಲಿಕೆ ಮತ್ತು ನೆನಪುಗಳ ಕುರಿತ ಇಂಥ ಸಂಶೋಧನೆಗಳಿಗಾಗಿ 2000ದಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಮಿದುಳೆಂದು ಹೇಳುವಂಥದು ಸರಿಯಾಗಿಲ್ಲದ ಹುಳವೇ ಪೊಳ್ಳು ಬೆದರಿಕೆಯನ್ನು ಇಷ್ಟು ಬೇಗ ತಳ್ಳಿಹಾಕುವುದಾದರೆ, ಗಿಳಿಯೂ ಹಂದಿಯೂ ತಳ್ಳಿಹಾಕುವುದರಲ್ಲಿ ಆಶ್ಚರ್ಯವೇನು? ನೋವಿನ ಬೆಂಬಲವಿಲ್ಲದ ಭಯ ಸವೆಯುತ್ತದೆ. ಬೊಂಬೆಯ ಪಕ್ಕದಲ್ಲಿ ಅಟ್ಟದ ಮೇಲೆ ಕವಣೆ ಹಿಡಿದ ಹುಡುಗನೊಬ್ಬ ಇದ್ದಾಗ ಮಾತ್ರ ಬೊಂಬೆಗೆ ಬೆಲೆ.

ಹಳೆಯ ಸೀರೆಗಳನ್ನು ತೋಟದ ಸುತ್ತ ಕಟ್ಟುವ ರೂಢಿಯೂ ಈಚೆಗೆ ಎಲ್ಲೆಡೆ ಹಬ್ಬಿದೆ. ಕೆಂಪು ಸೀರೆಯೇ ಆಗಬೇಕೆಂದು ಹಟ ಹಿಡಿಯುವವರಿದ್ದಾರೆ. ಹಂದಿಗೂ, ದನಕ್ಕೂ, ಚಿಗರಿಗೂ ಕಣ್ಣಿನಲ್ಲಿ ಬಣ್ಣವನ್ನರಿಯುವ ಕೋಶಗಳು ಎರಡೇ ಬಗೆಯವು. ನಮಗೆ ಮೂರು ಬಗೆ, ಹಕ್ಕಿಗೆ ನಾಲ್ಕು. ನಮ್ಮ ಕಣ್ಣಿಗೆ ಬೆಂಕಿಯಂತೆ ಉರಿಯುವ ಕೆಂಪು ಅವುಗಳಿಗೆ ಮಂಕಾದ ಒಂದು ಛಾಯೆ ಮಾತ್ರ. ಸೀರೆಯು ಸ್ವಲ್ಪಮಟ್ಟಿಗೆ ಕೆಲಸ ಮಾಡುವುದು ಗಾಳಿಗೆ ಅಲುಗುವುದರಿಂದ, ಮನುಷ್ಯನ ವಾಸನೆಯನ್ನು ಹೊತ್ತಿರುವುದರಿಂದ, ಮತ್ತು ಒಳಗಿನ ಬೆಳೆಯನ್ನು ಕಣ್ಣಿಗೆ ಮರೆಮಾಡುವುದರಿಂದ; ಮೂರಕ್ಕೂ ಬಣ್ಣದ ಹಂಗಿಲ್ಲ.

ಖಾರದ ಪುಡಿಯನ್ನು ಎರಚುವ ಉಪಾಯವು ಇದಕ್ಕಿಂತ ಗಟ್ಟಿಯಾದದ್ದು, ಆದರೆ ಅರ್ಧ ಪ್ರಾಣಿಪ್ರಪಂಚಕ್ಕೆ ಮಾತ್ರ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತುವು, ಸಸ್ತನಿಗಳ ನರಗಳಲ್ಲಿ ಬಿಸಿಯನ್ನು ಅರಿಯುವ ಗ್ರಾಹಕವೊಂದಕ್ಕೆ ಅಂಟಿಕೊಂಡು, ಬಾಯಿ ಸುಡುತ್ತಿದೆಯೆಂಬ ಸುಳ್ಳು ವಾರ್ತೆಯನ್ನು ಮಿದುಳಿಗೆ ಕಳುಹಿಸುತ್ತದೆ. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು. ಅವರ ಪ್ರಯೋಗಶಾಲೆಯಲ್ಲಿಯೇ 2002ರಲ್ಲಿ ತಿಳಿದುಬಂದಂತೆ, ಕೋಳಿಯ ಗ್ರಾಹಕವು ಬಿಸಿಗೆ ಓಗೊಡುತ್ತದೆ, ಖಾರಕ್ಕೆ ಓಗೊಡುವುದಿಲ್ಲ. ನಾಯಿ, ಇಲಿ, ಅಳಿಲುಗಳು ಖಾರಕ್ಕೆ ಮುಖ ತಿರುವಿದರೆ, ಗಿಳಿಗೆ ಹಸಿಮೆಣಸಿನಕಾಯಿ ಸೌತೆಕಾಯಿಗೆ ಸಮಾನ. ಇದರಲ್ಲಿ ಗಿಡದ ಹಿತವೂ ಅಡಗಿದೆ: ಇಲಿಯ ಹಲ್ಲಿಗೆ ಸಿಕ್ಕ ಬೀಜ ಪುಡಿಯಾಗುತ್ತದೆ, ಇಡಿಯಾಗಿ ನುಂಗುವ ಹಕ್ಕಿಯ ಹೊಟ್ಟೆಯಿಂದ ಅದು ಜೀವಂತವಾಗಿ ಹೊರಬೀಳುತ್ತದೆ. ಖಾರವು ನೀರಿನಲ್ಲಿ ಕರಗದು, ಎಣ್ಣೆಯಲ್ಲಿ ಕರಗುತ್ತದೆ. ನೀರಿಗೆ ಬೆರೆಸಿ ಚಿಮುಕಿಸಿದ ಪುಡಿ ಒಂದು ಸಿಂಪರಣೆಗೆ ತೊಳೆದುಹೋಗುವುದಕ್ಕೆ ಕಾರಣವಿದು. ಹಕ್ಕಿಗೆ ಬಲೆಯಲ್ಲದೆ ಬೇರೆ ಮದ್ದಿಲ್ಲ. ಎಳ್ಳಮಾವಾಸ್ಯೆಯ ದಿನ ಇಲ್ಲಿಯ ರೈತರು ಮನೆಮಂದಿಯೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವಾಗ ಹಕ್ಕಿಗಳಿಗೂ ಒಂದು ಪಾಲು ಬೀಳುತ್ತದೆ. ಹೇಗೂ ತೆಗೆದುಕೊಳ್ಳುವವರಿಗೆ ಕೈಯಾರೆ ಕೊಟ್ಟುಬಿಡುವ ಗೌರವವಾದರೂ ಅದರಲ್ಲಿದೆ.

ಸಾಕುಪ್ರಾಣಿಗಳ ಪ್ರಶ್ನೆ ಬೇರೆಯ ಬಗೆಯದು. ಅವು ಬೇಲಿಯ ಒಳಗೇ ಇರುತ್ತವೆ, ಮತ್ತು ಅವುಗಳಲ್ಲಿ ಹಲವಕ್ಕೆ ನಮ್ಮ ಕಾಯಿಪಲ್ಲೆಯ ಮೇಲೆ ಆಸೆಯೇ ಇಲ್ಲ. ವೈಶಾಖದ ಮಧ್ಯಾಹ್ನ, ಸೊಲ್ಲಾಪುರದ ಉಷ್ಣಮಾಪಕದಲ್ಲಿ ಪಾದರಸ 42 ಡಿಗ್ರಿಯನ್ನು ಮುಟ್ಟಿರುವಾಗ, ಬೆಳಿಗ್ಗೆ ನೀರುಣಿಸಿದ ಮೆಂತೆಯ ಮಡಿಯ ಬಳಿಗೆ ಮನೆಯ ನಾಯಿ ಬರುವುದನ್ನು ಗಮನಿಸಿ. ಮೂಸುತ್ತದೆ, ಮುಂಗಾಲುಗಳಿಂದ ಒಂದು ಗೇಣು ಕೆದರಿ ಮೇಲಿನ ಬಿಸಿಮಣ್ಣನ್ನು ಹಿಂದಕ್ಕೆ ಚಿಮ್ಮುತ್ತದೆ, ಸುತ್ತು ತಿರುಗಿ, ಹಿಂಗಾಲುಗಳನ್ನು ಚಾಚಿ, ಕೂದಲು ವಿರಳವಾದ ಹೊಟ್ಟೆಯನ್ನು ಹಸಿಮಣ್ಣಿಗೆ ಒತ್ತಿ ಮಲಗಿ ನಾಲಗೆಯನ್ನು ಜೋತುಬಿಡುತ್ತದೆ. ಪಾದಗಳ ಹೊರತು ದೇಹದಲ್ಲೆಲ್ಲಿಯೂ ತಂಪಾಗುವಷ್ಟು ಬೆವರದ ಆ ಪ್ರಾಣಿಗೆ, ಆವಿಯಾಗುತ್ತಿರುವ ನೀರಿನಿಂದ ತಂಪಾದ ಆ ಮೂರು ಮೊಳದ ನೆಲವೇ ಹಿತ್ತಿಲಿನ ಏಕೈಕ ಆಶ್ರಯ. ಅದಕ್ಕೆ ಬಡಿಗೆ ತೋರಿಸುವುದು ವ್ಯರ್ಥ. ಬೇವಿನ ನೆರಳಲ್ಲಿ ಒಂದು ಗುಂಡಿ ತೋಡಿ, ಮರಳು ತುಂಬಿ, ನಿತ್ಯ ಒಂದು ಕೊಡ ನೀರು ಸುರಿದರೆ ಅದು ಮೆಂತೆಯನ್ನು ತಾನಾಗಿ ಮರೆಯುತ್ತದೆ. ಮಡಿಯಿಂದ ಹೊರಗುಳಿದ ನಾಯಿಯೇ ರಾತ್ರಿಯ ಹೊತ್ತು ಹಂದಿಯನ್ನೂ ಮೊಲವನ್ನೂ ದೂರವಿಡುವ ಕಾವಲಿಗನಾಗುವುದರಿಂದ, ಈ ಒಂದು ಕೊಡ ನೀರಿನಷ್ಟು ಅಗ್ಗದ ಬೇಲಿ ಇನ್ನೊಂದಿಲ್ಲ.

ಬೆಕ್ಕಿಗೆ ಬೇಕಾದುದು ಸಡಿಲವಾದ ಮಣ್ಣು. ಮಲವನ್ನು ಹೂಳುವ ಅದರ ಸ್ವಭಾವಕ್ಕೆ ಹೊಸದಾಗಿ ಬೀಜ ಹಾಕಿದ ಮಡಿಗಿಂತ ಅನುಕೂಲವಾದ ಸ್ಥಳವಿಲ್ಲ. ಇಲ್ಲಿ ಕೇವಲ ಸಸಿಗಳ ನಾಶವಲ್ಲದೆ ಆರೋಗ್ಯದ ಪ್ರಶ್ನೆಯೂ ಇದೆ. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶಜೀವಿಯ ಅಂಡಕೋಶಗಳು ಸೋಂಕು ತಗಲಿದ ಬೆಕ್ಕಿನ ಮಲದೊಡನೆ ಹೊರಬಂದು, ನೆರಳಿನ ಹಸಿಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತವೆ. ಹಸಿಯಾಗಿ ತಿನ್ನುವ ಸೊಪ್ಪನ್ನು ಚೆನ್ನಾಗಿ ತೊಳೆಯಬೇಕೆಂದು ಗರ್ಭಿಣಿಯರಿಗೆ ವೈದ್ಯರು ಒತ್ತಿ ಹೇಳುವುದು ಇದಕ್ಕಾಗಿ. ತೊಗರಿಯ ಕಟ್ಟಿಗೆಯನ್ನು ಗೇಣುದ್ದ ಮುರಿದು, ಸಸಿಗಳ ನಡುವೆ ಒತ್ತಾಗಿ ಚುಚ್ಚಿಟ್ಟರೆ ಬೆಕ್ಕಿಗೆ ಕೂರಲು ಎಡೆಯಿರುವುದಿಲ್ಲ. ಸಸಿ ಬೆಳೆದು ನೆಲ ಮುಚ್ಚಿದ ಮೇಲೆ ಅದೂ ಬೇಕಿಲ್ಲ.

ಬೇಲಿ ಕೆಲವೊಮ್ಮೆ ಪ್ರಾಣಿಯ ರಕ್ಷಣೆಗೂ ಬೇಕು. ಗೊಬ್ಬರವಾಗಿ ಹಾಕುವ ಔಡಲ ಹಿಂಡಿಯಲ್ಲಿ ರೈಸಿನ್ ಎಂಬ ಘೋರವಿಷ ಉಳಿದಿರಬಹುದು. ಎಲುಬಿನ ಪುಡಿಯೊಡನೆ ಅದನ್ನು ಬೆರೆಸಿದರೆ ನಾಯಿ ವಾಸನೆಗೆ ಮರುಳಾಗಿ ತಿಂದು ಸಾಯುವುದುಂಟು. ಸೊಲ್ಲಾಪುರದ ಪೇಟೆಗೆ ಲಾರಿಗಟ್ಟಲೆ ಬಂದು ಬೀಳುವ ಉಳ್ಳಾಗಡ್ಡಿಯೂ ನಾಯಿ ಬೆಕ್ಕುಗಳ ಪಾಲಿಗೆ ಅಪಾಯವೇ. ಅದರಲ್ಲಿರುವ ಗಂಧಕದ ಸಂಯುಕ್ತಗಳು ಅವುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಇಲಿಗೆಂದು ಇಟ್ಟ ಜಿಂಕ್ ಫಾಸ್ಫೈಡ್ ಇಲಿಯಲ್ಲಿಗೇ ನಿಲ್ಲುವುದಿಲ್ಲ. ಸತ್ತ ಇಲಿಯನ್ನು ತಿಂದ ನಾಯಿ ಬೆಕ್ಕುಗಳಿಗೂ ಅದು ಮುಟ್ಟಬಹುದು. ಇಲಿಯ ವಿಷಯದಲ್ಲಿ ಗೂಗೆಗೂ ಕೇರೆಹಾವಿಗೂ ತೋಟದ ಬಾಗಿಲು ತೆರೆದಿರಲಿ ಎಂಬುದು ನನ್ನ ಪಕ್ಷ.

ಸೊಲ್ಲಾಪುರದ ಉತ್ತರಕ್ಕೆ ಬಾರ್ಶಿಯ ಹಾದಿಯಲ್ಲಿರುವ ನಾನ್ನಜಿನ ಹುಲ್ಲುಗಾವಲು ಈ ಲೆಕ್ಕಾಚಾರಕ್ಕೆ ಇನ್ನೊಂದು ಮುಖವನ್ನು ಕೂಡಿಸುತ್ತದೆ. ಎರೆಭೂತವೆಂಬ ಹೆಬ್ಬಕ್ಕಿಗಾಗಿ 1979ರಲ್ಲಿ ಘೋಷಿತವಾದ ಆ ಅಭಯಾರಣ್ಯದ ವಿಸ್ತಾರ 8,496 ಚದರ ಕಿಲೋಮೀಟರು. ಊರು, ಹೊಲ, ರಸ್ತೆಗಳೆಲ್ಲ ಅದರೊಳಗೇ ಸೇರಿದ್ದುದರಿಂದ ಮುಂದೆ ಅದನ್ನು 1,222ಕ್ಕೆ ಇಳಿಸಬೇಕಾಯಿತು. ಮಿಡತೆ, ಜೀರುಂಡೆಗಳನ್ನು ತಿಂದು ಬೆಳೆಗೆ ಉಪಕಾರವನ್ನೇ ಮಾಡುವ ಆ ಹಕ್ಕಿಯ ದರ್ಶನ ಈಗ ಅತಿದುರ್ಲಭ. ಉಳಿದಿರುವುದು ಚಿಗರಿಗಳ ಹಿಂಡುಗಳು, ಅವು ಹೊಲಗಳಿಗೂ ಬರುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಥಮ ಅನುಸೂಚಿಯಲ್ಲಿರುವ ಆ ಮೃಗಕ್ಕೆ ಯಾರೂ ಕೈ ಮಾಡುವಂತಿಲ್ಲ. ಆದರೆ ಈ ಜಿಲ್ಲೆಯ ಬೀಳುಗಳಲ್ಲಿ ತೋಳಗಳೂ ಇವೆ. ಅಲೀಗಢದ ಸತೀಶ ಕುಮಾರ್ ಮತ್ತು ಅಸದ್ ರಹಮಾನಿ ಅವುಗಳನ್ನು ಅಧ್ಯಯನ ಮಾಡಿ 1990ರ ದಶಕದಲ್ಲಿಯೇ ಬರೆದಿದ್ದಾರೆ. ಕುರಿಗಾರನಿಗೆ ತೋಳ ಶತ್ರು. ತೋಟಗಾರನು ಮಾತ್ರ ಸ್ವಲ್ಪ ತಡೆದು ಯೋಚಿಸಬೇಕು: ತೋಳವಿರುವ ನೆಲದಲ್ಲಿ ಚಿಗರಿಯೂ ಮೊಲವೂ ಮೇಯುವ ಕ್ಷಣಕ್ಷಣವೂ ತಲೆಯೆತ್ತಿ ನೋಡುತ್ತವೆ, ಅಷ್ಟು ಮಟ್ಟಿಗೆ ಕಡಮೆ ತಿನ್ನುತ್ತವೆ, ಮರೆಯಿರುವ ಕಡೆಗೆ ಹೋಗುವುದಕ್ಕೆ ಅಂಜುತ್ತವೆ. ಪ್ರಾಣವೇ ಹೋಗಬಹುದಾದ ಈ ಸುಂಕದ ಭಯ ಬೆದರುಬೊಂಬೆಯ ಭಯದಂತೆ ಸವೆಯುವುದಿಲ್ಲ.

ವಿದ್ಯುತ್ತಿನ ಬೇಲಿಯ ಮರ್ಮವೂ ಇದೇ. ಸೌರಫಲಕದಿಂದ ನಡೆಯುವ ಯಂತ್ರವು ತಂತಿಗೆ ಸುಮಾರು ಸೆಕೆಂಡಿಗೊಮ್ಮೆ, ಸೆಕೆಂಡಿನ ಅತ್ಯಲ್ಪ ಅಂಶದಷ್ಟು ಮಾತ್ರ ಬಾಳುವ, ಕೆಲವು ಸಾವಿರ ವೋಲ್ಟುಗಳ ಆಘಾತವನ್ನು ಕಳುಹಿಸುತ್ತದೆ. ಒದ್ದೆಯಾದ ಮೂತಿಯನ್ನು ಒಮ್ಮೆ ತಾಗಿಸಿದ ಹಂದಿಯು ಬದುಕಿ ಉಳಿದು, ಪಾಠವನ್ನು ಮರೆಯುವುದಿಲ್ಲ. ಮನೆಯ ಕರೆಂಟನ್ನೇ ತಂತಿಗೆ ಜೋಡಿಸುವುದು ಇದರ ಸೋದರನಲ್ಲ, ಅದು ಕೊಲೆ. ಹಂದಿಯೊಡನೆ ಆನೆಗಳೂ, ನೀರು ಬಿಡಲು ಹೋದ ಮನುಷ್ಯರೂ ಅದರಿಂದ ಸತ್ತಿದ್ದಾರೆ. ಆದರೆ ಸರಿಯಾದ ಬೇಲಿಗೂ ಸೊಲ್ಲಾಪುರದ ಬೇಸಗೆಯಲ್ಲಿ ಒಂದು ತೊಡಕುಂಟು. ವಿದ್ಯುತ್ತು ಪ್ರಾಣಿಯ ದೇಹದ ಮೂಲಕ ನೆಲಕ್ಕಿಳಿದು, ನೆಲದಲ್ಲಿ ಹರಿದು ಯಂತ್ರಕ್ಕೆ ಮರಳಬೇಕು. ಒಣಗಿ ಬಿರಿದ ಎರೆಮಣ್ಣು ಅದಕ್ಕೆ ಹಾದಿ ಕೊಡದು. ನೆಲಕ್ಕೆ ಜೋಡಿಸಿದ ಒಂದು ತಂತಿಯನ್ನು ಬೇಲಿಯಲ್ಲಿಯೇ ನಡುನಡುವೆ ಎಳೆದು, ಪ್ರಾಣಿಯು ಎರಡನ್ನೂ ಒಟ್ಟಿಗೆ ಮುಟ್ಟುವಂತೆ ಮಾಡಬೇಕಾಗುತ್ತದೆ.

ಎರೆಮಣ್ಣಿನ ಉಪದ್ರವ ಇಷ್ಟಕ್ಕೇ ಮುಗಿಯದು. ಈ ಮಣ್ಣಿನಲ್ಲಿರುವ ಜೇಡಿಯ ಕಣಗಳು ಪದರಪದರವಾಗಿದ್ದು, ಮಳೆಯ ನೀರನ್ನು ಪದರಗಳ ನಡುವೆ ಸೆಳೆದುಕೊಂಡು ಉಬ್ಬುತ್ತವೆ, ಬೇಸಗೆಯಲ್ಲಿ ಅದನ್ನು ಕಳೆದುಕೊಂಡು ಕುಗ್ಗುತ್ತವೆ. ಕೈ ತೂರುವಷ್ಟು ಅಗಲದ ಬಿರುಕುಗಳು ಮೊಳದ ಆಳಕ್ಕೂ ಮಿಕ್ಕಿ ಬಾಯಿ ಬಿಡುತ್ತವೆ. ಕಾರ್ತಿಕದಲ್ಲಿ ನೆಟ್ಟಗೆ ನಿಲ್ಲಿಸಿದ ಕಂಬವು ಚೈತ್ರಕ್ಕೆ ವಾಲಿರುತ್ತದೆ, ತಂತಿ ಸಡಿಲಾಗಿರುತ್ತದೆ, ಬೇಲಿಯ ಬುಡದ ಬಿರುಕಿನಲ್ಲಿ ಹೆಗ್ಗಣ ರಾಜಮಾರ್ಗವನ್ನು ಕಂಡುಕೊಂಡಿರುತ್ತದೆ. ಕಂಬದ ಕುಣಿಗೆ ತೋಡಿದ ಎರೆಮಣ್ಣನ್ನೇ ಮರಳಿ ತುಂಬಬಾರದು. ಗರಸನ್ನು ತಂದು ತುಂಬಿ ಬಡಿದರೆ ಉಬ್ಬುವಿಕೆಯ ಎಳೆದಾಟ ಕಂಬಕ್ಕೆ ಅಷ್ಟಾಗಿ ತಟ್ಟದು. ಸಣ್ಣಕಣ್ಣಿನ ಜಾಳಿಗೆಯನ್ನು ನೆಟ್ಟಗೆ ಆಳಕ್ಕೆ ಹೂಳುವುದಕ್ಕಿಂತ, ನೆಲಮಟ್ಟದಲ್ಲಿ ಹೊರಮುಖವಾಗಿ ಒಂದು ಮೊಳ ಮಡಿಸಿ ಮೇಲೆ ಮಣ್ಣು ಹರಡುವುದು ಲೇಸು. ಏಕೆಂದರೆ ಹೆಗ್ಗಣವಾಗಲಿ, ಮುಳ್ಳುಹಂದಿಯಾಗಲಿ, ಗೋಡೆಯ ಬುಡಕ್ಕೆ ಮೂತಿಯಿಟ್ಟು ಅಲ್ಲಿಯೇ ಕೆರೆಯುತ್ತದೆ. ಜಾಳಿಗೆ ಉಗುರಿಗೆ ತಾಗಿದಾಗ ಒಂದು ಮೊಳ ಹಿಂದೆ ಸರಿದು ಅಲ್ಲಿಂದ ತೋಡಬೇಕೆಂಬುದು ಅದಕ್ಕೆ ಹೊಳೆಯುವುದಿಲ್ಲ.